ಖಾಲಿ ಡಬ್ಬಿ

ಸುಟ್ಟ ತಂತಿಯ ಆ ವಾಸನೆ ಗಗನ್‌ಗೆ ಚಿಕ್ಕಂದಿನಿಂದ ಗೊತ್ತು. ದಾವಣಗೆರೆಯಲ್ಲಿ ಅಮ್ಮನ ಮಿಕ್ಸಿ ಸುಟ್ಟ ದಿನ ಅಡುಗೆಮನೆಯ ತುಂಬ ಅದೇ ವಾಸನೆ. ಇವತ್ತು ಅದು ಅವನ ಲ್ಯಾಪ್‌ಟಾಪಿನಿಂದ ಬಂತು. ಪರದೆ ಕಪ್ಪಾಯಿತು. ಮತ್ತೆ ಬೆಳಗಲಿಲ್ಲ.

ಒಳಗಿದ್ದದ್ದು ಹೋದ ತಿಂಗಳು ಅವನೇ ಚಿತ್ರೀಕರಿಸಿದ ಹರಿಣಿಯ ಮದುವೆ. ಮದುವೆಯಾಗಿ ವಾರ ಕಳೆಯುವುದರೊಳಗೆ ಅವಳ ತಂದೆ ತೀರಿಕೊಂಡಿದ್ದರು. "ಅಪ್ಪ ನಗೋದನ್ನ ಇನ್ನೊಂದ್ಸಲ ನೋಡ್ಬೇಕು. ನಾಳೆ ಬರ್ತೀನಿ," ಎಂದು ಬೆಳಿಗ್ಗೆಯಷ್ಟೇ ಫೋನ್ ಮಾಡಿದ್ದಳು.

ಗಗನ್ ಧೈರ್ಯಗೆಡಲಿಲ್ಲ. ನಕಲು ಇಡಲೆಂದೇ ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ಹಾರ್ಡ್ ಡಿಸ್ಕ್ ಕೊಂಡಿದ್ದ. ದಿನವೂ ಕೆಲಸವನ್ನೆಲ್ಲ ಅದಕ್ಕೆ ತುಂಬುತ್ತಿದ್ದ. ಪಕ್ಕದ ಗಲ್ಲಿಯ ಗೆಳೆಯ ವರುಣನ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿದ. ಫೈಲುಗಳ ಹೆಸರು ಸಾಲಾಗಿ ಬಂದವು. ಒಂದೂ ತೆರೆಯಲಿಲ್ಲ.

"ಯಾರಾದ್ರೂ ಇದಕ್ಕೆ ಕೈ ಹಾಕಿದಾರಾ?" ವರುಣ್ ಕೇಳಿದ.

ಗಗನ್‌ಗೆ ಬೀಗದಕೈ ನೆನಪಾಯಿತು.

ರೋಹಿಣಿ ಬಡಾವಣೆಯ ಅವನ ಮಹಡಿ ಕೋಣೆಯ ಇನ್ನೊಂದು ಬೀಗದಕೈ ಇದ್ದದ್ದು ಕೆಳಗಿನ ಮನೆಯ ಒಡತಿ ರತ್ನಪ್ರಭಾ ಆಂಟಿಯ ಹತ್ತಿರ. ಬಾಡಿಗೆಗೆ ಬಂದ ದಿನ ಅವನೇ ನಕ್ಕು, "ಲ್ಯಾಪ್‌ಟಾಪಿನ ಪಾಸ್‌ವರ್ಡೂ ನಿಮ್ಮ ಮನೆ ನಂಬರೇ ಆಂಟಿ. ಎಲ್ಲಾ ನೀವೇ ನೋಡ್ಕೊಳ್ಳಿ," ಎಂದಿದ್ದ. ಆಮೇಲೆ ಶುರುವಾದವು ಶುಕ್ರವಾರಗಳು. ಸ್ಟುಡಿಯೊದಿಂದ ಹಿಂತಿರುಗಿದರೆ ಮೇಜಿನ ಮೇಲೆ ಎರಡು ಬಟ್ಟಲಿನ ಊಟದ ಡಬ್ಬಿ. ಪಕ್ಕದಲ್ಲಿ, ಮುಚ್ಚಿಟ್ಟು ಹೋಗಿದ್ದ ಲ್ಯಾಪ್‌ಟಾಪ್ ಬಿಸಿ. ಅನ್ನ ಹಾಕುವವರನ್ನು ಏನೆಂದು ಕೇಳುವುದು?

ಒಮ್ಮೆ ಆಕೆ ಆ ಡಿಸ್ಕನ್ನು ಎತ್ತಿ ತಿರುಗಿಸಿ ನೋಡಿದ್ದರು. "ಇಷ್ಟು ಅಗ್ಗಕ್ಕೆ ಹೇಗೆ ಕೊಟ್ಟ? ಇಟ್ಟಿದ್ದನ್ನ ತೆರೆದು ನೋಡಿದೀಯಾ?"

"ಅಚ್ಛಾ! ನಿಮಗ್ಯಾಕೆ ಆಂಟಿ ಇದೆಲ್ಲ?"

"ಸರ್ವೀಸೆಲ್ಲಾ, ಆಫೀಸಿನ ನಕಲು ಇಡೋ ಕಂಪ್ಯೂಟರ್ ಟೇಪುಗಳು ನನ್ನ ಬೀಗದಲ್ಲೇ ಇದ್ವಪ್ಪ."

"ಹಾಡು ಕೇಳ್ತಿದ್ರಾ?"

ಆಕೆ ನಕ್ಕಿದ್ದರು. ಅವನು ತೊಳೆದು ಕೊಟ್ಟ ಡಬ್ಬಿಯನ್ನು ಅಲ್ಲಾಡಿಸಿ, "ಖಾಲಿ ಡಬ್ಬಿ ವಾಪಸ್ ಕೊಡ್ತಾರೇನೋ? ಚಿಟಿಕೆ ಸಕ್ಕರೆನಾದ್ರೂ ಹಾಕಬಾರದಾ?" ಎಂದು ಗದರಿದ್ದರು.

ಈಗ ಅದೇ ಖಾಲಿ ಡಬ್ಬಿಯನ್ನು ಗಗನ್ ಆಕೆಯ ಮೇಜಿನ ಮೇಲೆ ಕುಕ್ಕಿದ.

"ನನ್ನ ಫೈಲುಗಳನ್ನ ಏನ್ ಮಾಡಿದ್ರಿ? ಪ್ರತಿ ಶುಕ್ರವಾರ ನನ್ನ ಲ್ಯಾಪ್‌ಟಾಪಲ್ಲಿ ನಿಮಗೇನು ಕೆಲಸ?"

ಆಕೆ ಅವನ ಮುಖವನ್ನೇ ನೋಡಿದರು. "ಸುಟ್ಟು ಹೋಯ್ತಾ?"

"ನಿಮಗೆ ಹೇಗೆ ಗೊತ್ತು?"

"ನಿನ್ನ ಅಂಗಿಯೆಲ್ಲ ಅದೇ ವಾಸನೆ."

"ಸುಳ್ಳು ಬೇಡ ಆಂಟಿ. ಪೊಲೀಸರಿಗೆ ಹೇಳ್ತೀನಿ!"

ಆಕೆ ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ಬೀರುವಿನ ಬೀಗ ತಿರುಗಿದ ಸದ್ದು. ಆಮೇಲೆ ಅಡುಗೆಮನೆಯಿಂದ ಪಾತ್ರೆಯ ಸದ್ದು. ಗಗನ್ ಬಾಗಿಲಿಗೆ ಅಡ್ಡವಾಗಿ ನಿಂತ. ಫೋನನ್ನು ಕೈಯಲ್ಲೇ ಹಿಡಿದಿದ್ದ.

ಆಕೆ ಹೊರಬಂದು ಡಬ್ಬಿಯನ್ನು ಅವನ ಕೈಗಿತ್ತರು. ಮೇಲಿನ ಬಟ್ಟಲಲ್ಲಿ ಬಿಸಿ ಚಿತ್ರಾನ್ನ. ಕೆಳಗಿನದರಲ್ಲಿ, ಒಣ ಬಟ್ಟೆಯಲ್ಲಿ ಸುತ್ತಿದ ಬೇರೊಂದು ಒಳ್ಳೆಯ ಹಾರ್ಡ್ ಡಿಸ್ಕ್, ಅದರ ಮೇಲೆ ಆಕೆಯ ಅಕ್ಷರದಲ್ಲಿ: ‘ಗಗನ್ ಕೆಲಸದ ನಕಲು, ಕಳೆದ ಶುಕ್ರವಾರದವರೆಗೆ, ಎಲ್ಲ ತೆರೆದು ನೋಡಿದೆ.’