ಎರಡು ನವಿಲು

ಸಮಮಿತಿಯ ಪಾಠ ಮುಗಿಸಿದ ಗಣಿತದ ಸರ್, ಏಳನೇ ತರಗತಿಗೆ ರಂಗೋಲಿ ಸ್ಪರ್ಧೆ ಇಟ್ಟರು. ಕೊನೆಯ ಸುತ್ತಿಗೆ ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದ ಒಂದು ಗೆರೆ. ಅದರ ಎಡಕ್ಕೆ ನಿಂಗಮ್ಮ, ಬಲಕ್ಕೆ ಕಸ್ತೂರಿ. ಒಬ್ಬಳು ಹಾಕಿದ್ದನ್ನೇ ಇನ್ನೊಬ್ಬಳು ಗೆರೆಯಾಚೆ ಕನ್ನಡಿಯಲ್ಲಿ ಕಂಡಂತೆ ಹಾಕಬೇಕು. ಯಾರ ಅರ್ಧದಲ್ಲಿ ಕೊರತೆ ಕಂಡರೂ ಅವಳು ಔಟ್, ಉಳಿದವಳು ಜಿಲ್ಲಾ ಮಟ್ಟಕ್ಕೆ. ಕಳೆದ ವರ್ಷ ಹೋದವಳು ಕಸ್ತೂರಿ. ಅವಳ ಹೆಸರು ಕೇಳಿದರೇ ನಿಂಗಮ್ಮನ ಹೊಟ್ಟೆ ಉರಿಯುತ್ತಿತ್ತು.

ಬಣ್ಣದ ಪುಡಿ ಮುಗಿದು ಕಸ್ತೂರಿ ಸ್ಟಾಫ್ ರೂಮಿಗೆ ಓಡಿದಳು. ನಿಂಗಮ್ಮ ತನ್ನ ಅರ್ಧದ ಮೂಲೆಯಲ್ಲಿ ಸರಸರನೆ ಒಂದು ನವಿಲು ಬಿಡಿಸಿದಳು. ಅಷ್ಟು ಚೆಂದದ ನವಿಲು ಅವಳ ಕೈಯಿಂದ ಎಂದೂ ಬಂದಿರಲಿಲ್ಲ. ಸರ್ ಬರುವಾಗ ಬಲಗಡೆ ಖಾಲಿ ಇದ್ದರೆ ಸಾಕಿತ್ತು.

ಕಸ್ತೂರಿ ಬಂದು ನೋಡಿದಳು.

"ಇದನ್ನ ಯಾವಾಗ ಹಾಕಿದಿ ಬೇ?"

"ಆಗಲೇ ಹಾಕೀನಿ. ನಿನಗ ಕಣ್ಣು ಕಾಣಂಗಿಲ್ಲೇನು?"

ಕಸ್ತೂರಿ ತಂದ ಪುಡಿ ಹಿಡಿದು ಕುಳಿತಳು. ಸರ್ ವರಾಂಡ ಇಳಿದು ಬರುವಷ್ಟರಲ್ಲಿ ಅದೇ ನವಿಲನ್ನು ಮುಖ ತಿರುಗಿಸಿ ಬಲಕ್ಕೂ ಬಿಡಿಸಿಬಿಟ್ಟಳು.

ಸರ್ ಗೆರೆಯ ಮೇಲೆ ಕನ್ನಡಿ ನಿಲ್ಲಿಸಿ ಎರಡೂ ಕಡೆಯಿಂದ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಎರಡೂ ಸರಿ ಅದಾವಲ್ಲ! ಈಗ ಯಾರನ್ನ ಕಳಸ್ಲಿ? ಹೋಗ್ಲಿ, ಈ ನವಿಲು ಯಾರಿಗೆ ಹೊಳೀತೋ ಅಕೀನ ಹೋಗ್ಲಿ. ಮೊದಲು ಹಾಕಿದವರು ಯಾರು?"

ನಿಂಗಮ್ಮ ಬಾಯಿ ತೆರೆಯುವ ಮೊದಲೇ ಕಸ್ತೂರಿ ಕೈ ಎತ್ತಿದಳು.

"ನಾನ್ರೀ ಸರ್. ನಾ ಪುಡಿ ತರಾಕ ಹೋದಾಗ ಇಕಿ ನೋಡ್ಕೊಂಡು ಹಾಕ್ಯಾಳ್ರೀ."