ಹಗ್ಗ ಸಡಿಲ ಬಿಡುವ ಕೆಲಸ

ಅಥವಾ ಚಂಡಮಾರುತ ಬಂದ ದಿನ ಅಪ್ಪ ಊಟಕ್ಕೆ ಮನೆಗೆ ಬಂದೇ ಇರಲಿಲ್ಲವೇನೋ. ಬೇರೆ ಯಾವುದೋ ಮಧ್ಯಾಹ್ನವನ್ನು ನಾನೇ ಆ ದಿನಕ್ಕೆ ಅಂಟಿಸಿರಬಹುದು. ಈಗ ಕೋಲ್ಕತ್ತಾದ ಲೇಕ್ ಮಾರ್ಕೆಟ್‌ನ ಅಂಗಡಿಯೊಂದರ ಮುಂದೆ ಮಳೆಗೆ ನೆನೆದ ಹಗ್ಗದ ವಾಸನೆ ಬಂದರೆ ಸಾಕು, ಸಾರನ್ನ ಕಲೆಸುತ್ತಿದ್ದ ಅಪ್ಪನ ಕೈ ಕಾಣುತ್ತದೆ. ಇಲ್ಲಿನ ಬಂದರಿನಲ್ಲಿ ಹಡಗುಗಳನ್ನು ಹಗ್ಗದಿಂದ ದಡಕ್ಕೆ ಕಟ್ಟಿ ನಿಲ್ಲಿಸುವ ತಂಡದ ಮೇಸ್ತ್ರಿಯಾಗಿದ್ದರು ಅವರು. ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಗ್ರೀಸು ಉಳಿಯುತ್ತಿತ್ತು. ಅವತ್ತು ಹೊರಗೆ ಗಾಳಿ ಆಗಲೇ ಏಳುತ್ತಿತ್ತು.

“ಬಿಗಿಯಾಗಿ ಕಟ್ಟಿ ಮನೆಗೆ ಬನ್ನಿ,” ಅಂದಳು ಅಮ್ಮ.

“ಬಿಗಿಯಾಗಿ ಕಟ್ಟಿದ್ರೆ ನದಿ ಏರುವಾಗ ಹಗ್ಗ ತುಂಡಾಗ್ತದೆ ಮಾರಾಯ್ತಿ. ಹಡಗು ಹೋಗಿ ಇನ್ನೊಂದಕ್ಕೆ ಬಡೀತದೆ. ಯಾರಾದ್ರೂ ಅಲ್ಲೇ ನಿಂತು ಸಡಿಲ ಬಿಡ್ತಾ ಇರ್ಬೇಕು.”

“ಆ ಯಾರಾದ್ರೂ ನೀವೇ ಆಗ್ಬೇಕಾ?”

“ಬೇರೆಯವರ ಮನೇಲೂ ಇದನ್ನೇ ಕೇಳ್ತಿರ್ತಾರೆ.”

ಅಮ್ಮ ಇನ್ನಷ್ಟು ಅನ್ನ ಬಡಿಸಿದಳು. ಅಪ್ಪ ಬೇಡ ಎನ್ನಲಿಲ್ಲ. ಬಾಗಿಲಲ್ಲಿ ಅವರ ರೇನ್‌ಕೋಟಿನ ಗುಂಡಿಗಳನ್ನು ಅವಳೇ ಕೊರಳವರೆಗೂ ನಿಧಾನವಾಗಿ ಹಾಕಿದಳು, ಏನೋ ಹೇಳಿದಳು. ಅಪ್ಪ ತಲೆಯಾಡಿಸಿ ಇಳಿದುಹೋದರು.

ಮರುದಿನ ಅಪ್ಪ ಬಂದರು, ಹಡಗುಗಳೂ ಉಳಿದಿದ್ದವು. ಅವತ್ತು ಬಾಗಿಲಲ್ಲಿ ಏನು ಹೇಳಿದೆ ಎಂದು ಈಗ ಕೇಳಿದರೆ ಅಮ್ಮ, ತಾನು ಏನೂ ಹೇಳಲೇ ಇಲ್ಲ ಅನ್ನುತ್ತಾಳೆ. ಹೇಳಿದ್ದಳೋ, ಅದನ್ನೂ ನಾನೇ ಅಂಟಿಸಿದೆನೋ, ನನಗೆ ಗೊತ್ತಿಲ್ಲ.