ವೈರಿನ ತುದಿಗೆ ವಿಭೂತಿ

ಹರಿಹರದಲ್ಲಿ ಕರಿಬಸವರಾಜಪ್ಪನವರು ಶಿವನ ಪಾದ ಸೇರಿದರೆಂಬ ಸುದ್ದಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಗೆ ಬಂದಾಗ ತಂಗಿ ಕಸ್ತೂರಮ್ಮ ಮಂಚದ ಮೇಲೇ ಬೆಳಗಿನ ಪೂಜೆಯಲ್ಲಿದ್ದರು. ಪೂಜೆ ಮುಗಿಸಿ ಆಮೇಲೆ ಅತ್ತರು. ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿ ಮಂಚ ಹಿಡಿದಿದ್ದ ಅವರನ್ನು ಕಾರಿನಲ್ಲಿ ಕೂರಿಸುವಂತಿರಲಿಲ್ಲ. ಅಣ್ಣನ ಮುಖವನ್ನು ಕಡೆಯ ಸಲ ಮಂಚದ ಪಕ್ಕದ ಟಿ.ವಿ.ಯಲ್ಲೇ ನೋಡಬೇಕಾಗಿತ್ತು. ಅಲ್ಲಿ ಅಣ್ಣನ ಮಗ ರುದ್ರಮುನಿ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನೇರಪ್ರಸಾರ ಮಾಡಿದ. ಇಲ್ಲಿ ಕಸ್ತೂರಮ್ಮನ ಮಗಳು ರೂಪಶ್ರೀ ಟಿ.ವಿ. ಹಚ್ಚಿದಳು.

ಗೋಡೆಗೆ ಒರಗಿಸಿ ಕೂರಿಸಿದ ದೇಹ ಕಾಣಿಸಿತು. ಎದೆಯವರೆಗೆ ಹೂವಿನ ಹಾರ. ಅದರ ಮೇಲೆ ಮುಖವಿರಬೇಕಾದ ಕಡೆ ಬರೀ ಬಣ್ಣದ ಚೌಕಗಳು. ಕಸ್ತೂರಮ್ಮ ಆ ಚೌಕಗಳಿಗೇ ಕೈ ಮುಗಿದು ಬಹಳ ಹೊತ್ತು ಕಾದರು.

"ಅವ್ವಾ, ಇದು ನಿಂತೋಗೈತೆ. ಅಲ್ಲಾಡ್ತಾನೇ ಇಲ್ಲ" ಎಂದಳು ರೂಪಶ್ರೀ.

"ಸತ್ತೋನು ಅಲ್ಲಾಡ್ತಾನೇನೇ ಹುಚ್ಚಿ?"

"ಮಾವ ಅಲ್ಲವ್ವಾ, ಊದುಬತ್ತಿ ಹೊಗೆ ನೋಡು."

ಹೊಗೆ ಗಾಳಿಯ ನಡುವೆ ಕಡ್ಡಿಯಂತೆ ನಿಂತಿತ್ತು.

ಕಸ್ತೂರಮ್ಮನ ಕೋಣೆಯಲ್ಲಿ ಮೊಬೈಲಿನ ಸಿಗ್ನಲ್ ಮಾತಿಗೇ ಕಷ್ಟ, ಚಿತ್ರಕ್ಕೆಲ್ಲಿ ಬಂತು. ಇಂಟರ್ನೆಟ್ ರಿಪೇರಿಯ ಸಿದ್ದು ನಿಟ್ಟುವಳ್ಳಿಯಿಂದ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅವನು ಟಿ.ವಿ. ಕೆಳಗಿನ ರೌಟರ್ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿ, ತೆರೆಯ ಮೇಲೆ ಏರುತ್ತಿದ್ದ ಎರಡು ದೋಷದ ಅಂಕಿಗಳನ್ನು ನೋಡಿ ನಾಲಿಗೆ ಕಚ್ಚಿಕೊಂಡ.

"ಎರಡು ರೋಗ ಐತ್ರಿ ಅಮ್ಮಾರೆ. ಒಂದು, ಬಫರ್ ತುಂಬೈತೆ. ಬಫರ್ ಅಂದ್ರೆ ಪಡಸಾಲೆ ಇದ್ದಂಗೆ. ಬಂದೋರು ಒಂದು ಗಳಿಗೆ ಕೂತು ಆಮೇಲೆ ಒಳಗೆ ಹೋಗ್ತಾರೆ. ಈಗ ಅಲ್ಲಿ ಕೂಡಾಕ ಜಾಗ ಇಲ್ಲ. ನಿಮ್ಮಣ್ಣಾರು ಬಾಗಲತನಕ ಬಂದು ವಾಪಸ್ ಹೋಗ್ತಾ ಅದಾರೆ."

"ಯಾರೋ ಅದು ನಮ್ಮಣ್ಣಗೆ ಜಾಗ ಬಿಡದೋರು?"

ಸಿದ್ದು ಹೊರಗಿನ ಪಡಸಾಲೆಗೆ ಹೋದ. ದುಃಖ ಕೇಳಲು ಬಂದವರೆಲ್ಲ ಮನೆಯ ವೈಫೈ ಹಿಡಿದು ಕೂತಿದ್ದರು. ಪಕ್ಕದ ಮನೆಯ ರೇವಣ್ಣ ಗೋಡೆಯ ಕಡೆ ತಿರುಗಿ ಕ್ರಿಕೆಟ್ ನೋಡುತ್ತಿದ್ದ.

"ಕಡೇ ಓವರ್ ಕಣಪ್ಪಾ" ಎಂದ ರೇವಣ್ಣ.

"ಅಲ್ಲೂ ಕಡೇದೇ ರೀ" ಎಂದು ಸಿದ್ದು ಎಲ್ಲರ ಮೊಬೈಲೂ ಆರಿಸಿದ.

ಒಳಗೆ ಬಂದು ನೋಡಿದರೆ ಬಫರಿನ ಅಂಕಿ ನಿಂತಿತ್ತು. ಇನ್ನೊಂದು ನಿಲ್ಲಲಿಲ್ಲ. "ಇದು ಇನ್‌ಪುಟ್ ಎರರ್ ರೀ. ಬರೋದೇ ಕೆಟ್ಟು ಬರ್ತೈತೆ" ಎಂದವನೇ ಗೋಡೆಯಿಂದ ಬಂದ ಸಣ್ಣ ಫೈಬರ್ ವೈರನ್ನು ರೌಟರಿನಿಂದ ಬಿಚ್ಚಿದ. ತುದಿ ಬೆಳ್ಳಗಿತ್ತು. ಮೂಸಿ ನೋಡಿದ. "ಏನ್ರಿ ಇದು?"

"ವಿಭೂತಿ" ಎಂದರು ಕಸ್ತೂರಮ್ಮ. "ಬರೀ ಹಣೇಲಿ ನಮ್ಮಣ್ಣನ ಮುಂದೆ ಯಾರೂ ನಿಂತಿಲ್ಲ. ಬೆಳಿಗ್ಗೆ ಟಿ.ವಿ.ಗೆ ಹಚ್ಚಿದೆ, ಪೆಟ್ಟಿಗೆಗೆ ಹಚ್ಚಿದೆ. ಅವನು ಬರೋ ದಾರಿ ಇದೇ ಅಂತ ಈಕಿ ಅಂದ್ಲು. ಬಿಚ್ಚಿಸಿ ಅದರ ಬಾಯಿಗೂ ಹಚ್ಚಿದೆ."

ರೂಪಶ್ರೀ ಕಿಟಕಿಯ ಕಡೆ ನೋಡಿದಳು. ಸಿದ್ದು ಚೀಲದಿಂದ ಪುಟ್ಟ ಸೀಸೆ ತೆಗೆದ. ಕೋಣೆಯೆಲ್ಲ ಘಾಟು ಹರಡಿತು.

"ಯಾತರ ನೀರೋ ಅದು?"

"ಸ್ಪಿರಿಟ್ ರೀ."

"ಸಾರಾಯಿನಾ?"

"ಕುಡಿಯೋದಲ್ಲ ರೀ, ಒರೆಸೋದು."

"ನಮ್ಮಣ್ಣ ಜನ್ಮದಾಗೆ ಮುಟ್ಟಿಲ್ಲ! ಇವತ್ತು ಅವನ ದಾರಿಗೆ ಹಚ್ಚೀಯಾ? ಅದೂ ವಿಭೂತಿ ಮ್ಯಾಲೆ? ಬ್ಯಾಡ, ಮುಚ್ಚು ಅದನ್ನ!"

ರೂಪಶ್ರೀಯ ಮೊಬೈಲಿನಲ್ಲಿ ರುದ್ರಮುನಿಯ ದನಿ ತುಂಡು ತುಂಡಾಗಿ ಬಂತು. "ಅತ್ತೀ, ಸ್ವಾಮಿಗಳು ಅವಸರ ಮಾಡ್ತಾ ಅದಾರೆ. ಹೊತ್ತು ಮುಳುಗೋದ್ರೊಳಗೆ ಮಣ್ಣಾಗಬೇಕು. ಎತ್ತೋಣೇನು?"

ಕಸ್ತೂರಮ್ಮ ಸೀಸೆಯನ್ನು ನೋಡಿದರು, ಟಿ.ವಿ.ಯ ಚೌಕಗಳನ್ನು ನೋಡಿದರು. "ಒಂದು ಚಣ ತಡಿಯಪ್ಪಾ" ಎಂದು ಹೇಳಿ, ಸಿದ್ದುವಿನ ಕೈಯಿಂದ ವೈರನ್ನು ಕಿತ್ತು ಹಣೆಯತ್ತ ಒಯ್ದರು.

"ಕಣ್ಣಿನ ಹತ್ರ ಬ್ಯಾಡ್ರಿ! ಅದರಾಗೆ ಲೇಸರ್ ಬೆಳಕು ಐತೆ!"

"ವಿಭೂತಿಯಾಗೆ ಬೆಳಕು ಇಲ್ದೆ ಇನ್ನೇನೋ ಇರುತ್ತೆ?" ಕಣ್ಣು ಮುಚ್ಚಿ, ತುದಿಯನ್ನು ಹಣೆಗೆ ಒರೆಸಿಕೊಂಡು ವಾಪಸ್ಸು ಕೊಟ್ಟರು. "ಅವನ ವಿಭೂತಿ ನಾನು ತೊಗೊಂಡೆ. ಈಗ ಬರೀ ವೈರು. ನಿನ್ನ ಸಾರಾಯಿ ಏನು ಹಚ್ಚೀಯೋ ಹಚ್ಚು."

ಸಿದ್ದು ವೈರನ್ನೂ ರೌಟರಿನ ತೂತನ್ನೂ ಒರೆಸಿ ಸಿಕ್ಕಿಸಿದ. ಅಂಕಿ ನಿಂತಿತು. ಚೌಕಗಳು ಒಂದೊಂದಾಗಿ ಕರಗಿ, ಅಗಲ ಹಣೆ ಬಂತು, ಮುಚ್ಚಿದ ಕಣ್ಣು ಬಂದವು, ಎಡಗೆನ್ನೆಯ ನರೂಲಿ ಕೂಡ ಬಂತು. ಕಸ್ತೂರಮ್ಮನಿಗೆ ನಂಬಿಕೆಯಾಗಲಿಲ್ಲ.

"ಈಗಲೂ ನಿಂತೇ ಐತೇನೋ?"

ಸಿದ್ದು ಹೊಗೆ ಹುಡುಕಿದ. ಅಲ್ಲಿ ಊದುಬತ್ತಿ ಆರಿಹೋಗಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ನೊಣ ಬಂದು ಕರಿಬಸವರಾಜಪ್ಪನವರ ಮೂಗಿನ ಮೇಲೆ ಕೂತು ಕಾಲು ಉಜ್ಜತೊಡಗಿತು.

"ಲೈವ್ ಐತ್ರೀ! ಲೈವ್ ಐತೆ!" ಎಂದು ಸಿದ್ದು ಕುಣಿದ.

ಹರಿಹರದಲ್ಲಿ ಮನೆ ತುಂಬ ಜನ. ಒಬ್ಬರೂ ನೊಣವನ್ನು ಗಮನಿಸಲಿಲ್ಲ. ಕಸ್ತೂರಮ್ಮ ಮಂಚದಿಂದ ಕೈ ಚಾಚಿ, ಸೆರಗಿನ ತುದಿಯನ್ನು ಟಿ.ವಿ.ಯ ಗಾಜಿನ ಮೇಲೆ ಮೆಲ್ಲಗೆ ಬೀಸಿದರು. ನೊಣ ಹಾರಿತು. ಆಮೇಲೆ ನಾಲ್ಕು ಜನ ಬಂದು ಅಣ್ಣನನ್ನು ಎತ್ತಿಕೊಂಡರು.

"ಇನ್ನು ಅವನ ಮ್ಯಾಲೆ ಏನೂ ಕೂಡದಂಗೆ ನೋಡ್ಕೋ ಶಿವನೇ. ಅಲ್ಲಿಗೆ ನನ್ನ ಸೆರಗು ಮುಟ್ಟೋದಿಲ್ಲ."